ಎಡಗೈಗೆಂದು ಮಾಡಿದ ಫಿಲಂ ಚೌಕಟ್ಟು

ಲಕ್ವ ಹೊಡೆದ ಮೇಲೆ ನನ್ನ ಗಂಡನ ಬಾಯಲ್ಲಿ ಉಳಿದದ್ದು ಒಂದೇ ಮಾತು. "ಆಯ್ತು." ಹಸಿವಾದರೆ ಆಯ್ತು, ಊಟ ಬೇಡವಾದರೆ ಆಯ್ತು, ಸಿಟ್ಟು ಬಂದರೂ ಆಯ್ತು. ದನಿಯ ಏರಿಳಿತ ಕೇಳಿ ನಾನು ಅರ್ಥ ಮಾಡಿಕೊಳ್ಳಬೇಕಿತ್ತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದ್ದವು. ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು ಮಂಚದ ಕಂಬಿಗೆ ಬಡಿದು ನನ್ನನ್ನು ಕರೆಯುತ್ತಿದ್ದರು. ಅಡುಗೆಮನೆಯಲ್ಲಿರಲಿ, ಬಚ್ಚಲಲ್ಲಿರಲಿ, ಆ ಸದ್ದಿಗೆ ಎದ್ದು ಓಡಬೇಕು. ತಡವಾದರೆ ಬಡಿತ ಜೋರಾಗುತ್ತಿತ್ತು. ರಸ್ತೆಯ ತುದಿಯ ಹಾಲಿನ ಡೈರಿಯವರೆಗೂ ಕೇಳಿಸುತ್ತಿತ್ತು.

ನಮ್ಮದು ತರೀಕೆರೆ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಇತ್ತ ಕಡೂರು, ದೇವನೂರು, ಅತ್ತ ಅಜ್ಜಂಪುರದವರೆಗೆ ಮದುವೆ, ಮಠದ ಕಾರ್ಯಕ್ರಮ, ಶಾಲೆಯ ಗ್ರೂಪ್ ಫೋಟೊ ಯಾವುದಿದ್ದರೂ ಅವರೇ ಹೋಗುತ್ತಿದ್ದರು. ಕ್ಯಾಮೆರಾ ಹೆಗಲಿಗೆ ಹಾಕಿ ಬೈಕ್ ಹತ್ತಿದರೆ ಮನೆಯ ನೆನಪು ಇರುತ್ತಿರಲಿಲ್ಲ. ನನ್ನ ಕೆಲಸ ಒಳಗಡೆ. ಪ್ರಿಂಟು ಕತ್ತರಿಸುವುದು, ಮೌಂಟ್ ಬೋರ್ಡಿನ ದಪ್ಪ ರಟ್ಟಿಗೆ ಅಂಟಿಸುವುದು, ಗಾಜು ಕೊಯ್ದು ಫ್ರೇಮ್ ಕಟ್ಟುವುದು. ನೆಗೆಟಿವ್ ಮಾತ್ರ ಮುಟ್ಟುವ ಹಾಗಿರಲಿಲ್ಲ. "ಏ, ಕೈ ಹಾಕ್ಬೇಡ. ಗೀರು ಬಿದ್ರೆ ಹೋಯ್ತು," ಎನ್ನುತ್ತಿದ್ದರು. ನೆಗೆಟಿವ್ ಬೀರುವಿನ ಕೀಲಿ ಅವರ ಜೇಬಿನಲ್ಲೇ ಇರುತ್ತಿತ್ತು. ಡಿಜಿಟಲ್ ಬಂದು ಫಿಲಂ ನಿಂತುಹೋದ ಮೇಲೂ ಆ ಬೀರುವನ್ನು ಅವರು ನನಗೆ ಬಿಟ್ಟುಕೊಡಲಿಲ್ಲ.

ಆಸ್ಪತ್ರೆಯಿಂದ ಅವರನ್ನು ಕರೆತಂದ ಮೇಲೆ ನನ್ನ ಹೊರಗಿನ ಓಡಾಟ ಕಾಲು ಗಂಟೆಗೆ ಇಳಿಯಿತು. ಮಗಳು ಅಜ್ಜಂಪುರದಲ್ಲಿ ಟೀಚರು, ಭಾನುವಾರ ಮಾತ್ರ ಬರುತ್ತಾಳೆ. ಪಕ್ಕದ ಮನೆಯ ಅಕ್ಕ ಕರೆದರೆ ಬಂದು ಕೂರುತ್ತಿದ್ದರು, ಆದರೆ ಅವರಿಗೂ ಮಂಡಿ ನೋವು, ಅವರಿಗೂ ಮನೆಯಿದೆ. ಎಷ್ಟು ಸಲ ಅಂತ ಕರೆಯುವುದು?

ಒಂದು ದಿನ ಕೊತ್ತಂಬರಿ ಸೊಪ್ಪಿಗೆಂದು ಹೋದವಳು ಬಸ್‌ಸ್ಟ್ಯಾಂಡಿನವರೆಗೆ ನಡೆದುಬಿಟ್ಟೆ. ಯಾಕೆ ಹೋದೆನೆಂದು ಈಗಲೂ ಹೇಳಲಾರೆ. ಕಡೂರಿನ ಬಸ್ಸು ಹೊರಡುವುದರಲ್ಲಿತ್ತು. "ಕಡೂರ್, ಕಡೂರ್! ಹತ್ತಮ್ಮಾ, ಸೀಟ್ ಐತೆ," ಎಂದು ಕಂಡಕ್ಟರ್ ಕೂಗಿದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಅಷ್ಟು ದೂರದಲ್ಲಿ ಲೋಟದ ಸದ್ದು ಕೇಳಲು ಸಾಧ್ಯವೇ ಇರಲಿಲ್ಲ, ಆದರೂ ಕೇಳಿದ ಹಾಗಾಯಿತು. ಕಾಲು ಹಿಂದೆ ತೆಗೆದೆ. "ಬರೋರಲ್ಲ ಬಿಡಿ," ಎಂದು ಅವನು ಬಾಗಿಲು ಎಳೆದುಕೊಂಡ. ಸೊಪ್ಪು ಹಿಡಿದು ಮನೆಗೆ ಬಂದೆ. ಅವರು ನಿದ್ದೆ ಮಾಡುತ್ತಿದ್ದರು. ಮಂಚದ ಪಕ್ಕ ನಿಂತು ಅವರ ಮುಖ ನೋಡುತ್ತಾ, ಈ ಮನುಷ್ಯ ಏಳದೇ ಹೋದರೆ ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ಹೋಗಿ ಸೊಪ್ಪು ತೊಳೆದೆ.

ಅದಾದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಅವರು ಲೋಟ ಬಡಿದು ಬೀರು ತೋರಿಸಿದರು. ಕೀಲಿ ಈಗ ನನ್ನ ಸೆರಗಿನಲ್ಲಿತ್ತು. ತೆಗೆದೆ. ಕವರುಗಳು, ಕವರಿನೊಳಗೆ ಆರಾರು ಚಿತ್ರದ ಫಿಲಂ ಪಟ್ಟಿಗಳು, ಮೇಲೆ ಅವರದೇ ಅಕ್ಷರದಲ್ಲಿ ಊರಿನ ಹೆಸರು. ಒಂದು ಪಟ್ಟಿ ಕೈಗೆ ಕೊಟ್ಟೆ. ಅವರು ಎಡಗೈಯಲ್ಲಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಳೆಯ ಫಿಲಂ, ಅಡ್ಡಡ್ಡ ಮುದುರಿ ದೋಣಿಯ ಹಾಗಾಗಿತ್ತು. ಕೈ ನಡುಗುತ್ತಿತ್ತು. ಇನ್ನೊಂದು ತುದಿಯನ್ನು ಹಿಡಿದುಕೊಳ್ಳಬೇಕಾದ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎರಡು ಮೂರು ಸಲ ನೋಡಿ, ಪಟ್ಟಿಯನ್ನು ನೆಲಕ್ಕೆ ಎಸೆದು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ಕನಿಕರ ಬಂತು, ಸುಳ್ಳಲ್ಲ. ಆದರೆ ಅದರ ಜೊತೆಗೇ ಇನ್ನೊಂದು ಯೋಚನೆಯೂ ಬಂತು. ಇವರು ಇದನ್ನು ಯಾರ ಸಹಾಯವೂ ಇಲ್ಲದೆ ನೋಡುವ ಹಾಗಾದರೆ ಎರಡು ಗಂಟೆ ನನ್ನನ್ನು ಕರೆಯುವುದಿಲ್ಲ. ಆ ಎರಡು ಗಂಟೆಗಾಗಿಯೇ ನಾನು ಕೆಲಸಕ್ಕೆ ಕೂತದ್ದು. ಪ್ರೀತಿಯಿಂದ ಮಾಡಿದೆ ಎಂದು ಈಗ ಜನ ಹೇಳಿದರೆ ನನಗೆ ನಾಚಿಕೆಯಾಗುತ್ತದೆ.

ಭಾನುವಾರ ಮಗಳು ಬಂದಾಗ ಹೇಳಿದೆ. ಅವಳು ತನ್ನ ಹಳೆಯ ಮೊಬೈಲಿನಲ್ಲಿ ಏನೋ ಒತ್ತಿದಳು. ಪರದೆಯ ಬಣ್ಣವೆಲ್ಲ ತಿರುಗುಮುರುಗಾಗಿ ಬಿಳಿಯದು ಕಪ್ಪಾಯಿತು. ಕ್ಯಾಮೆರಾ ಹಚ್ಚಿ ಒಂದು ಕಪ್ಪುಬಿಳುಪು ನೆಗೆಟಿವ್ ಮೇಲೆ ಹಿಡಿದಳು. ಕಪ್ಪು ಹಲ್ಲಿನ, ಬಿಳಿ ಕಣ್ಣುಪಾಪೆಯ ದೆವ್ವದಂತಿದ್ದ ಮುಖ ಪರದೆಯಲ್ಲಿ ಒಬ್ಬ ಮದುಮಗಳಾಗಿ ನಕ್ಕಿತು.

"ನೋಡಮ್ಮಾ, ಇಷ್ಟೇ," ಎಂದಳು ಮಗಳು. "ಕೆಳಗಿಂದ ಬೆಳಕು, ಮೇಲೆ ಮೊಬೈಲು. ನಡುವೆ ಫಿಲಂ ಅಲ್ಲಾಡದಂಗೆ ಇಡಕ್ಕೆ ಒಂದು ಹೋಲ್ಡರ್ ಬೇಕು. ತರಿಸ್ಲಾ?"

"ಅದು ಎರಡು ಕೈ ಇರೋರಿಗೆ ಮಾಡಿರ್ತಾರೆ ಕಣೇ," ಎಂದೆ. "ನಾನೇ ಮಾಡ್ತೀನಿ."

ಮನೆಯಲ್ಲಿದ್ದ ಸಾಮಾನು ಸಾಕಿತ್ತು. ಹಜಾರದ ಒಂದು ಎಲ್‌ಇಡಿ ದೀಪವನ್ನು ಬಿಚ್ಚಿಸಿ ಮೇಲ್ಮುಖ ಮಾಡಿ ಒಂದು ಡಬ್ಬಿಯಲ್ಲಿಟ್ಟೆ. ಮಗಳು ಬಿಟ್ಟುಹೋದ ಮೊಬೈಲನ್ನು ಮೇಲೆ ಮಲಗಿಸಲು ಬಿಸ್ಕತ್ತಿನ ಪ್ಲಾಸ್ಟಿಕ್ ಜಾರಿನ ತಳ ಕತ್ತರಿಸಿ ಅದರ ಮೇಲೆ ನಿಲ್ಲಿಸಿದೆ. ಫಿಲಂ ಇಡಲು ಮೌಂಟ್ ಬೋರ್ಡಿನ ಎರಡು ತುಂಡಿಗೆ ಕಿಟಕಿ ಕೊಯ್ದು, ನಡುವೆ ಪಟ್ಟಿ ಸೇರಿಸಿದೆ. ಅಂಚು ಹಿಡಿದರೂ ಫಿಲಂ ನಡುವೆ ಉಬ್ಬಿ ನಿಂತಿತು. ಪರದೆಯಲ್ಲಿ ನಡುವಿನವರ ಮೂಗು ಸ್ಪಷ್ಟ, ಅಕ್ಕಪಕ್ಕದವರೆಲ್ಲ ಮಂಜು. ಸಾಲದ್ದಕ್ಕೆ ಬೋರ್ಡಿನ ನವಿರಾದ ಎಳೆಗಳು ಉದುರಿ ಎಲ್ಲರ ಮುಖದ ಮೇಲೂ ಹುಳುಗಳಂತೆ ಕೂತವು.

ಗಾಜಿನ ಕೆಲಸ ನನಗೆ ಗೊತ್ತಿದ್ದದ್ದೇ. ಸಣ್ಣ ಫ್ರೇಮಿನ ಎರಡು ಗಾಜಿನ ನಡುವೆ ಇಟ್ಟೆ. ಫಿಲಂ ಚಪ್ಪಟೆಯಾಯಿತು, ಆದರೆ ಗಾಜು ತಾಗಿದಲ್ಲೆಲ್ಲ ರಸ್ತೆಯ ನೀರಿನ ಮೇಲೆ ಎಣ್ಣೆ ಬಿದ್ದಂತೆ ಬಣ್ಣದ ಉಂಗುರಗಳು ಎದ್ದವು. ಎಷ್ಟು ಒರೆಸಿದರೂ ಹೋಗಲಿಲ್ಲ. ಒಂದೇ ಕೈಯಲ್ಲಿ ಗಾಜು ಬಿಡಿಸಿ ಪಟ್ಟಿ ಬದಲಿಸಲು ಹೋಗಿ ಅವರು ಬೆರಳು ಕೊಯ್ದುಕೊಂಡರು. ಹಾಸಿಗೆಯ ಮೇಲೆಲ್ಲ ರಕ್ತ. "ಆಯ್ತು," ಎಂದರು, ಹಲ್ಲು ಕಚ್ಚಿಕೊಂಡು. ನಾನು ಗಾಜನ್ನು ಎತ್ತಿಟ್ಟೆ. ಮತ್ತೆ ಲೋಟ, ಮತ್ತೆ ಕಂಬಿ. ಎರಡು ವಾರ ನಾನು ಆ ಡಬ್ಬಿಯ ಕಡೆ ನೋಡಲಿಲ್ಲ.

ಬಚ್ಚಲಿಗೆ ಹಿಡಿಕೆ ಕೂರಿಸಲು ಬಡಗಿಯೊಬ್ಬರು ಬಂದಿದ್ದರು. ಅಳತೆಗೆಂದು ಸ್ಟೀಲ್ ಟೇಪ್ ಎಳೆದರು. ಟೇಪ್ ಕೂಡ ಅಡ್ಡಡ್ಡ ದೋಣಿಯಂತೆಯೇ ಇರುತ್ತದಲ್ಲ, ಹಾಗಾಗಿ ಗಾಳಿಯಲ್ಲಿ ಸೆಟೆದು ನಿಂತಿತ್ತು. ಅವರು ಅದನ್ನು ಹೊಸ್ತಿಲ ಮೇಲೆ ಹಾಯಿಸಿ ಕೆಳಗೆ ಬಗ್ಗಿಸಿದರು. ಬಗ್ಗಿದ ಜಾಗದಲ್ಲಿ ದೋಣಿ ಮಾಯವಾಗಿ ಟೇಪ್ ಚಪ್ಪಟೆಯಾಯಿತು.

"ಇನ್ನೊಂದ್ಸಲ ಮಾಡಿ," ಎಂದೆ.

"ಏನ್ ಮಾಡ್ಲಿ?"

"ಅದೇ, ಬಗ್ಸಿ. ನಿಧಾನಕ್ಕೆ."

"ಏನಕ್ಕಾ, ಟೇಪ್ ನೋಡೇ ಇಲ್ವಾ ಯಾವತ್ತೂ?" ಎಂದು ನಗುತ್ತಾ ಬಗ್ಗಿಸಿದರು. ನಾನು ಬೆರಳಿಟ್ಟು ನೋಡಿದೆ. ಉದ್ದಕ್ಕೆ ಬಗ್ಗಿದರೆ ಅಡ್ಡಕ್ಕೆ ಮುದುರಲು ಆಗುವುದಿಲ್ಲ. ಇಷ್ಟು ದಿನ ನಾನು ಫಿಲಂ ಅನ್ನು ಅದುಮಿ ಹಿಡಿಯುವ ದಾರಿಯನ್ನೇ ಹುಡುಕುತ್ತಿದ್ದೆ. ಅದನ್ನು ಒಂದು ಸಣ್ಣ ದಿಬ್ಬ ಹತ್ತಿಸಿ ಇಳಿಸಿದರೆ ತಾನೇ ಚಪ್ಪಟೆಯಾಗುತ್ತದೆ. ಅದುಮುವುದೇ ಬೇಡ.

ಅಡುಗೆಮನೆಯಿಂದ ಊಟದ ಮಣೆ ತಂದು, ನಡುವೆ ಒಂದು ಕಿಟಕಿ ಕೊರೆದುಕೊಡಿ ಎಂದೆ. ಅವರು ನನ್ನ ಮುಖ ನೋಡಿದರು. "ಒಳ್ಳೆ ಹಲಸಿನ ಮಣೆ ಹಾಳಾಗ್ತೈತೆ ಕಣಕ್ಕಾ." ಆದರೂ ಕೊರೆದುಕೊಟ್ಟರು.

ಕಿಟಕಿಯ ಎರಡೂ ಕಡೆ ಖಾಲಿ ಪೆನ್ನಿನ ಕೊಳವೆಗಳನ್ನು ಅಂಟಿಸಿದೆ. ಪಟ್ಟಿ ಒಂದು ಕೊಳವೆಯನ್ನು ಹತ್ತಿ, ಕಿಟಕಿ ದಾಟಿ, ಇನ್ನೊಂದನ್ನು ಇಳಿದು ಹೋಗಬೇಕು. ಹೋಗುವಾಗ ಮೇಲೆ ಹಾರದಂತೆ ಎರಡು ಅಂಚಿನಲ್ಲೂ ತೆಳ್ಳಗಿನ, ನುಣುಪಾದ, ಗೀರು ಬೀಳಿಸದ ಪಟ್ಟಿ ಬೇಕಿತ್ತು. ರಟ್ಟಿನಿಂದ ಎಳೆ ಉದುರುತ್ತದೆ. ತಗಡು ಗೀರುತ್ತದೆ. ಹುಡುಕಿ ಹುಡುಕಿ ಕೊನೆಗೆ ಬೀರುವಿನ ಮೇಲಿದ್ದ ಆಸ್ಪತ್ರೆಯ ದೊಡ್ಡ ಕವರಿಗೆ ಕೈ ಹಾಕಿದೆ. ಅವರ ತಲೆಯ ಸ್ಕ್ಯಾನ್ ಫಿಲಂ. ಮೊದಲು ಕಪ್ಪು ಅಂಚು ಮಾತ್ರ ಕತ್ತರಿಸಿದೆ. ಅಳತೆ ತಪ್ಪಿತು. ಇನ್ನಷ್ಟು ಬೇಕಾಯಿತು. ಕತ್ತರಿ ಚಿತ್ರದ ಸಾಲಿಗೇ ಹೋಯಿತು.

ಮಗಳು ನೋಡಿ ಹೌಹಾರಿದಳು. "ಅಮ್ಮಾ! ಅದು ಅಪ್ಪನ ಸ್ಕ್ಯಾನ್ ಕಣಮ್ಮಾ! ಡಾಕ್ಟ್ರು ಕೇಳಿದ್ರೆ?"

"ಕೇಳಿದ್ರೆ ಇಲ್ಲ ಅಂತೀನಿ. ಅದನ್ನ ನೋಡಿ ನೋಡಿ ಏನಾಯ್ತು?"

ಅವಳು ಉಳಿದ ತುಂಡನ್ನು ಕವರಿಗೆ ಹಾಕಿ ಬೀರುವಿನ ಮೇಲಿಟ್ಟಳು. ಹಾಗೆ ಹೇಳಿದ್ದಕ್ಕೆ ನನಗೇ ಹೆದರಿಕೆಯಾಯಿತು.

ಹೋಲ್ಡರ್ ಕೆಲಸ ಮಾಡಿತು, ನನ್ನ ಕೈಯಲ್ಲಿ. ಅವರ ಕೈಯಲ್ಲಿ ಮಾಡಲಿಲ್ಲ. ಪಟ್ಟಿ ತೂರಿಸುವಾಗ ಮಣೆ ಜಾರುತ್ತಿತ್ತು. ತೂರುವ ಬಾಯಿ ಸಿಗುತ್ತಿರಲಿಲ್ಲ. ಎರಡೇ ಸಲಕ್ಕೆ ಅವರು ಮುಖ ತಿರುಗಿಸಿದರು. ಎಲ್ಲಿ ತಪ್ಪಿದೆ ಎಂದು ತಿಳಿಯದೆ, ಮರುದಿನ ನಾನು ನನ್ನ ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಬಿಗಿದುಕೊಂಡು ಕೂತೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಾಗೇ ಇದ್ದೆ. ಸೆರಗು ಜಾರಿದರೆ ಎತ್ತಿಕೊಳ್ಳಲಾಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲಾಗಲಿಲ್ಲ. ತಟ್ಟೆಯಲ್ಲಿ ಅನ್ನ ಕಲಸಲು ಹೋದರೆ ತಟ್ಟೆಯೇ ತಿರುಗುತ್ತಿತ್ತು. ಅವರು ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದರು. ಪಕ್ಕದ ಮನೆಯ ಅಕ್ಕ ಮಜ್ಜಿಗೆ ಕೊಡಲು ಬಂದವರು ಬಾಗಿಲಲ್ಲೇ ನಿಂತರು.

"ಅಯ್ಯೋ, ನಿಂಗೇನಾಗೈತೆ ಕಣೇ? ನಿಂಗೂ ಹೊಡೀತಾ?"

"ಇಲ್ಲಕ್ಕಾ, ಕಟ್ಕೊಂಡಿದೀನಿ."

"ತಲೆ ಕೆಟ್ಟೈತೆ," ಎಂದು ಮಜ್ಜಿಗೆ ಇಟ್ಟು ಹೋದರು.

ಆ ಅರ್ಧ ದಿನದಲ್ಲಿ ಬೇಕಾದದ್ದೆಲ್ಲ ಗೊತ್ತಾಯಿತು. ಮಣೆಯ ಅಡಿಗೆ ಹಳೆಯ ಹವಾಯಿ ಚಪ್ಪಲಿಯ ತುಂಡುಗಳನ್ನು ಅಂಟಿಸಿದೆ, ಜಾರುವುದು ನಿಂತಿತು. ತೂರುವ ಬಾಯಿಯನ್ನು ಲಾಳಿಕೆಯ ಹಾಗೆ ಅಗಲ ಮಾಡಿದೆ, ನಡುಗುವ ಕೈ ಎಲ್ಲಿ ತಾಗಿಸಿದರೂ ಪಟ್ಟಿ ದಾರಿ ಹಿಡಿದು ಒಳಗೆ ಹೋಗುವಂತೆ. ಎಡಗೈ ತೂರಿಸಿ ಅದೇ ಕೈ ಆಚೆಯಿಂದ ಎಳೆಯಬೇಕಲ್ಲ, ಅಷ್ಟು ಹೊತ್ತು ಪಟ್ಟಿ ಹಿಂದೆ ಜಾರದಂತೆ ಬಾಯಿಯ ಹತ್ತಿರ ಹಳೆಯ ವೆಲ್ವೆಟ್ ರವಿಕೆಯ ಒಂದು ತುಂಡು ಇಟ್ಟೆ. ಧೂಳೂ ಅದಕ್ಕೇ ಹತ್ತಿಕೊಳ್ಳುತ್ತಿತ್ತು.

ಕುರ್ಚಿಯಲ್ಲಿ ಕೂರಿಸಿ, ಮುಂದೆ ಮೇಜಿಟ್ಟು, ದೀಪ ಹಾಕಿದೆ. ಅವರು ಪಟ್ಟಿ ತೂರಿಸಿದರು. ಎಳೆದರು. ಪರದೆಯಲ್ಲಿ ಹೆಬ್ಬೆ ಜಲಪಾತ ಇಳಿಯುತ್ತಿತ್ತು, ಬಂಡೆಯ ಮೇಲೆ ಯಾರೋ ಹೊಸ ಜೋಡಿ. ಇನ್ನಷ್ಟು ಎಳೆದರು. ಮತ್ತೊಂದು ಜೋಡಿ. ಅವರ ಬಾಯಿ ಸೊಟ್ಟಗೆ ತೆರೆದುಕೊಂಡಿತು. ಅದು ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಅಕ್ಕನಿಗೆ ಒಂದು ಕಣ್ಣಿಟ್ಟಿರಲು ಹೇಳಿ ಕಡೂರಿನ ಬಸ್ಸು ಹತ್ತಿದೆ. ಕೆಲಸವೇನೂ ಇರಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಒಬ್ಬಳೇ ಹೋಗಿ ಕಾಫಿ ಕುಡಿದೆ. ಐವತ್ತು ದಾಟಿದ ಹೆಂಗಸು ನಾನು, ಒಬ್ಬಳೇ ಹೋಟೆಲಿನಲ್ಲಿ ಕೂತದ್ದು ಅದೇ ಮೊದಲು. ಅರ್ಧ ಲೋಟ ಕುಡಿಯುವಷ್ಟರಲ್ಲಿ ಗೋಡೆಯ ಗಡಿಯಾರ ನೋಡತೊಡಗಿದೆ. ಮುಂದಿನ ಬಸ್ಸಿಗೇ ವಾಪಸ್ಸು. ಓಡುತ್ತಾ ಬಂದು ನೋಡಿದರೆ ಅವರು ಪರದೆಯಿಂದ ತಲೆಯನ್ನೇ ಎತ್ತಲಿಲ್ಲ. ನಾನು ಹೋದದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಅದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದರೂ ಆ ಗಳಿಗೆಯಲ್ಲಿ ನನಗೆ ಬಹಳ ಸಂಕಟವಾಯಿತು.

ಆಮೇಲೆ ವಾರಕ್ಕೆರಡು ದಿನ ಹೊರಗೆ ಹೋಗುವುದು ರೂಢಿಯಾಯಿತು. ಉಳಿದ ದಿನ ನಾನೂ ಅವರ ಪಕ್ಕ ಕೂತು ನೋಡುತ್ತಿದ್ದೆ. ಸಾವಿರಾರು ಮುಖ. ಇಡೀ ಬೀರುವಿನಲ್ಲಿ ನನ್ನ ಫೋಟೊ ಎಷ್ಟಿರಬಹುದು ಎಂಬ ಕುತೂಹಲ ಇತ್ತು. ಒಂದೂ ಸಿಗಲಿಲ್ಲ. ಒಂದು ದಿನ ಸ್ಟುಡಿಯೊದಲ್ಲೇ ತೆಗೆದ ಒಂದು ಮಗುವಿನ ಚಿತ್ರ ಬಂತು. ಚಿತ್ರದ ತುದಿಯಲ್ಲಿ ಒಂದು ಕೈ. ಬಿಳಿ ಬಟ್ಟೆ ಕಟ್ಟಿದ ಹಲಗೆಯನ್ನು ಹಿಡಿದಿದೆ, ಮಗುವಿನ ಮುಖಕ್ಕೆ ಬೆಳಕು ತಿರುಗಿಸಲು. ಮಣಿಕಟ್ಟಿನಲ್ಲಿ ಬಳೆ. ಅದನ್ನು ಹಿಡಿಯುತ್ತಿದ್ದದ್ದು ನಾನೇ. ಪ್ರಿಂಟು ಮಾಡುವಾಗ ಆ ತುದಿ ಹೊರಗೆ ಹೋಗುತ್ತಿತ್ತು. ಉಳಿದರೆ ನಾನೇ ಕಟರ್‌ನಲ್ಲಿ ಕತ್ತರಿಸುತ್ತಿದ್ದೆ. ಆಮೇಲೆ ನೋಡುತ್ತಾ ಹೋದರೆ ಎಷ್ಟೋ ಚಿತ್ರಗಳ ತುದಿಯಲ್ಲಿ ಆ ಕೈ ಇತ್ತು.

"ಇದು ನಂದಲ್ವೇನ್ರೀ?" ಎಂದು ಕೇಳಿದೆ.

ಅವರು ಪರದೆ ನೋಡಿದರು. ಪಟ್ಟಿಯನ್ನು ಒಂದಿಷ್ಟು ಎಳೆದರು. ಮಗು ಪಕ್ಕಕ್ಕೆ ಸರಿದು ಆ ಕೈ ಪರದೆಯ ನಡುವಿಗೆ ಬಂತು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಮತ್ತೆ ಮುಂದಕ್ಕೆ ಎಳೆದರು. ಅವರಿಗೆ ಏನನ್ನಿಸಿತೋ ನನಗೆ ಗೊತ್ತಿಲ್ಲ.

ಆ ಮಳೆಗಾಲ ಮುಗಿಯುವಾಗ ಬುಕ್ಕಾಂಬುಧಿ ಕೆರೆ ಕೋಡಿ ಬಿದ್ದಿದೆ ಎಂದು ಸುದ್ದಿಯಾಯಿತು. "ಬಾರಮ್ಮಾ, ಎಲ್ರೂ ಹೋಗ್ತಿದಾರೆ," ಎಂದು ಮಗಳು ಫೋನ್ ಮಾಡಿದಳು. ಬೆಳಿಗ್ಗೆ ಅಡುಗೆ ಮುಗಿಸಿ, ಅಕ್ಕನಿಗೆ ಹೇಳಿ, ಐದಕ್ಕೆ ಬರುತ್ತೇನೆಂದು ಹೊರಟೆ. ಕೆರೆ ನೋಡಿದೆ. ಕೋಡಿಯ ನೀರಲ್ಲಿ ಸೀರೆ ಎತ್ತಿಕೊಂಡು ಮಗಳ ಜೊತೆ ನಿಂತೆ. ಮಂಡಕ್ಕಿ ತಿಂದೆ. ವಾಪಸ್ಸು ಬರುವ ಬಸ್ಸು ಬರಲೇ ಇಲ್ಲ. ಯಾರದೋ ಟೆಂಪೊ ಹಿಡಿದು ತರೀಕೆರೆ ಮುಟ್ಟುವಾಗ ಬೀದಿ ದೀಪ ಹತ್ತಿದ್ದವು. ನಾನು ಬಂದಿರುತ್ತೇನೆಂದು ತಿಳಿದು ಅಕ್ಕ ಐದಕ್ಕೇ ತಮ್ಮ ಮನೆಗೆ ಹೋಗಿದ್ದರು.

ಬಾಗಿಲು ತೆಗೆದರೆ ಕತ್ತಲು. ಯಾರೂ ಲೈಟು ಹಾಕಿರಲಿಲ್ಲ. ಮೊಬೈಲಿನ ಚಾರ್ಜು ಮುಗಿದಿತ್ತು. ಹೋಲ್ಡರಿನ ದೀಪ ಮಾತ್ರ ಮಣೆಯ ಕಿಟಕಿಯಿಂದ ಅವರ ಗದ್ದದ ಮೇಲೆ ಬೀಳುತ್ತಿತ್ತು. ಲೋಟ ಕೈ ಜಾರಿ ಮಂಚದಡಿ ಹೋಗಿತ್ತು. ಪಂಚೆ ಒದ್ದೆಯಾಗಿ ಕುರ್ಚಿಯಿಂದ ನೀರು ನೆಲಕ್ಕಿಳಿದಿತ್ತು. ಕೂಗಿ ಕೂಗಿ ಗಂಟಲು ಒಡೆದಿತ್ತು, ಆ ದನಿ ಪಕ್ಕದ ಮನೆಗೂ ಮುಟ್ಟಿರಲಿಲ್ಲ. ನನ್ನನ್ನು ಕಂಡವರೇ ಎಡಗೈ ಎತ್ತಿ ಮಣೆಯನ್ನು ಮೇಜಿನಿಂದ ತಳ್ಳಿಬಿಟ್ಟರು. ಕೊಳವೆ ಕಿತ್ತುಹೋಯಿತು.

ನಾನು ಕಾಲಿಗೆ ಬೀಳಬೇಕಿತ್ತೇನೋ. ಬದಲಿಗೆ ಕೂಗಿಬಿಟ್ಟೆ. "ಒಂದಿನ ಕಣ್ರೀ! ಒಂದೇ ಒಂದಿನ ಕೆರೆ ನೋಡಕ್ಕೆ ಹೋಗಿದ್ದೆ. ನೀವು ಅಷ್ಟ್ ವರ್ಷ ಊರೂರು ಸುತ್ತಿದ್ರಿ, ನಾನ್ ಒಂದ್ ದಿನ ಲೋಟ ಬಡಿದ್ನಾ?"

ಅವರು ಕಣ್ಣು ಮುಚ್ಚಿಕೊಂಡರು. ನಾನು ಬಿಸಿನೀರು ತಂದು, ಅವರನ್ನು ತೊಳೆದು, ಬಟ್ಟೆ ಬದಲಿಸಿ, ವಿಭೂತಿ ಹಚ್ಚಿ ಊಟ ಮಾಡಿಸಿದೆ. ಅವರು ತಿಂದರು.

ಹತ್ತು ದಿನ ಅವರು ಬೀರುವಿನ ಕಡೆ ನೋಡಲಿಲ್ಲ, ನಾನು ಬಾಗಿಲ ಕಡೆ ನೋಡಲಿಲ್ಲ. ಹನ್ನೊಂದನೆಯ ದಿನ ಕಸ ಗುಡಿಸುತ್ತಿದ್ದಾಗ, ಕಿತ್ತುಹೋದ ಕೊಳವೆಯನ್ನು ಅವರು ದಿಂಬಿನ ಕೆಳಗಿಟ್ಟುಕೊಂಡಿರುವುದು ಕಂಡಿತು. ತೆಗೆದು ನನ್ನ ಕೈಗೆ ಕೊಟ್ಟರು. ಅಂಟು ಹಚ್ಚಿ ಕೂರಿಸಿದೆ. ಒಣಗುವವರೆಗೆ ಇಬ್ಬರೂ ಅದನ್ನೇ ನೋಡುತ್ತಾ ಕೂತಿದ್ದೆವು.

ಈಗ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಅವರ ಜೊತೆ ಇರಲು ಒಬ್ಬ ಹೆಂಗಸನ್ನು ಮಗಳು ಗೊತ್ತುಮಾಡಿದ್ದಾಳೆ. ಆ ಎರಡು ಮಧ್ಯಾಹ್ನ ನನ್ನವು. ಉಳಿದ ಐದು ದಿನ ಹಾಗೇ ಇವೆ. ಬಿಡುಗಡೆಯಾಯಿತು ಎಂದು ನಾನು ಹೇಳುವುದಿಲ್ಲ. ಅಜ್ಜಂಪುರದ ಬಸ್ಸಿನಲ್ಲಿ ಕೂತಾಗಲೂ ಅರ್ಧ ಮನಸ್ಸು ಆ ಕುರ್ಚಿಯ ಪಕ್ಕದಲ್ಲೇ ಇರುತ್ತದೆ. ಮೊನ್ನೆ ಬೀರುವಿನ ಕೆಳಗಿನ ಅರೆಯಿಂದ ನನ್ನ ಮಾವನವರ ಕಾಲದ ಅಗಲವಾದ ಫಿಲಂ ಹೊರಬಿತ್ತು. ಅದು ಈ ಹೋಲ್ಡರಿನಲ್ಲಿ ಹಿಡಿಯುವುದಿಲ್ಲ. ಅಷ್ಟು ಅಗಲಕ್ಕೆ ಪೆನ್ನಿನ ಕೊಳವೆಯ ದಿಬ್ಬ ಸಾಲದು, ಇನ್ನೂ ದಪ್ಪದ್ದು ಬೇಕು. ಮೂರು ದಿನದಿಂದ ನೀರಿನ ಪೈಪಿನ ತುಂಡುಗಳನ್ನು ಉಜ್ಜಿ ಉಜ್ಜಿ ನೋಡುತ್ತಿದ್ದೇನೆ. ನಡುವೆ ಒಂದು ಕಡೆ ಇನ್ನೂ ಉಬ್ಬುತ್ತಿದೆ.